ಅವ್ವನ ಕಾಲಿನ ಅಳತೆ

ಅವ್ವ ತೀರಿಕೊಂಡ ಮೇಲೆ ದಿವಸದ ಕಾರ್ಯಕ್ಕೆ ಸಾಮಾನು ತರಲು ಮಾವ ಶಹಾಪುರದ ಬಜಾರಿಗೆ ಹೋಗಿದ್ದ. ಮಧ್ಯಾಹ್ನ ಅಲ್ಲಿಂದಲೇ ಫೋನ್ ಮಾಡಿದ.

"ಸೀರಿ ತಗೊಂಡೀನಿ, ತಂಬಿಗಿ ತಗೊಂಡೀನಿ, ಕೊಡಿನೂ ಆತು. ಚಪ್ಪಲಿ ಅಂಗಡ್ಯಾಗ ನಿಂತೀನಿ. ಅಕ್ಕನ ಕಾಲಿನ ನಂಬರ್ ಎಷ್ಟವಾ?"

ನಮ್ಮ ಮಂದಿಯಲ್ಲಿ ಹೋದವರ ಹೆಸರಿನಲ್ಲಿ ಇವನ್ನು ಓಣಿಯ ಹಿರಿಯರೊಬ್ಬರಿಗೆ ಕೊಡುತ್ತಾರೆ. ಹೋಗುವ ದಾರಿಯಲ್ಲಿ ನೀರಡಿಕೆಯಾಗಬಾರದು, ನೆತ್ತಿ ಸುಡಬಾರದು, ಕಾಲು ಸುಡಬಾರದು ಎಂದು. ಮಾವ ಕೇಳಿದ್ದು ಸರಿಯಾದ ಮಾತೇ. ಆದರೆ ನನಗೆ ನಂಬರು ಗೊತ್ತಿರಲಿಲ್ಲ. ನಾನು ಎಂಟು ವರ್ಷದವಳಿದ್ದಾಗಿನಿಂದ ಅವ್ವ ಕಾಲಿಗೆ ಏನನ್ನೂ ಮೆಟ್ಟಿರಲಿಲ್ಲ.

"ಚಪ್ಪಲಿ ಬ್ಯಾಡ ಮಾವ. ಮನಿಗಿ ಬಾ ನೀ" ಅಂದೆ.

ಫೋನಿನಲ್ಲಿ ಮಾವನ ಹಿಂದೆ ಅಂಗಡಿಯವನು ಇನ್ನೊಬ್ಬ ಗಿರಾಕಿಯ ಜೊತೆ ಜೋರಾಗಿ ಮಾತಾಡುತ್ತಿದ್ದುದು ಕೇಳುತ್ತಿತ್ತು. ಯಾಕೆ ಬೇಡ ಎಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಅವ್ವ ಚಪ್ಪಲಿ ಬಿಟ್ಟದ್ದು ನನ್ನ ಕಾಲಿನ ಹರಕೆಗೆ. ಆ ಹರಕೆ ಮುಟ್ಟಿರಲಿಲ್ಲ. ಮುಟ್ಟದೆ ಅವಳ ಹೆಸರಿನಲ್ಲಿ ಚಪ್ಪಲಿ ಕೊಟ್ಟರೆ ಅವಳು ತೆಗೆದುಕೊಳ್ಳುವುದಿಲ್ಲ. ಕೊಡದಿದ್ದರೆ ಅಲ್ಲಿಯೂ ಬರಿಗಾಲಲ್ಲೇ ನಡೆಯಬೇಕು.

ದಿವಸದಂದು ಸೀರೆ, ತಂಬಿಗೆ, ಕೊಡೆ ಕೊಟ್ಟೆವು. ಚಪ್ಪಲಿ ಇಡುವ ಜಾಗ ಖಾಲಿ ಇತ್ತು. ಊಟಕ್ಕೆ ಬಂದ ಹೆಂಗಸರು ಅದನ್ನು ನೋಡಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಅಪ್ಪ ನನಗೆ ನೆನಪಿಲ್ಲ. ನಾನು ಕೂಸಿದ್ದಾಗಲೇ ಹೋಗಿದ್ದ. ಶಹಾಪುರದ ಮನೆಯಲ್ಲಿ ನಾವಿಬ್ಬರೇ. ಅವ್ವ ಹತ್ತಿ, ತೊಗರಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ನಾನು ಹತ್ತನೇ ಕ್ಲಾಸಿನ ತನಕ ಓದಿ ಹೊಲಿಗೆ ಕಲಿತೆ. ಈಗ ಕುಬುಸ ಹೊಲಿಯುತ್ತೇನೆ, ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ಮಾವ ಅಂದರೆ ಅವ್ವನ ತಮ್ಮ, ಸುರಪುರದಲ್ಲಿ ಇರುತ್ತಾನೆ. ನನ್ನ ಕಾಲು ಸಿಕ್ಕಿಕೊಂಡದ್ದು ಅವನ ಬೈಕಿನ ಚಕ್ರದಲ್ಲಿ.

ಅದು ಬೇಸಿಗೆ ರಜೆ. ಮಾವನ ಮನೆಯಲ್ಲಿದ್ದು ಊರಿಗೆ ಮರಳುತ್ತಿದ್ದೆ. ಬೈಕಿನ ಹಿಂದೆ ಜೋಳದ ಚೀಲ ಕಟ್ಟಿ, ಅದರ ಮೇಲೆ ನನ್ನನ್ನು ಕೂಡಿಸಿದ್ದ. ಚೀಲದ ಎತ್ತರಕ್ಕೆ ನನ್ನ ಕಾಲು ಎಲ್ಲೂ ಮುಟ್ಟುತ್ತಿರಲಿಲ್ಲ, ಜೋತಾಡುತ್ತಿದ್ದವು. ಒಂದು ತಗ್ಗಿನಲ್ಲಿ ಗಾಡಿ ಕುಕ್ಕಿತು. ಬಲಗಾಲು ಚಕ್ರದ ಕಡ್ಡಿಗಳ ನಡುವೆ ಹೋಯಿತು. ನೋವಿನ ನೆನಪು ನನಗಿಲ್ಲ. ಮಾವ ತನ್ನ ಟಾವೆಲ್ ಬಿಚ್ಚಿ ನನ್ನ ಕಾಲಿಗೆ ಸುತ್ತಿದ್ದು, ಚೀಲ ಹರಿದು ಜೋಳ ರಸ್ತೆಯ ಮೇಲೆ ಚೆಲ್ಲಿದ್ದು, ಅದಕ್ಕೆ ಎಲ್ಲಿಂದಲೋ ಗುಬ್ಬಿಗಳು ಬಂದದ್ದು ನೆನಪಿದೆ.

ಶಹಾಪುರದ ಡಾಕ್ಟರು ತೊಳೆದು ಪಟ್ಟಿ ಕಟ್ಟಿದರು. ಎಲುಬು ಮುರಿದಿರಲಿಲ್ಲ. ಎಲ್ಲರೂ ದೇವರು ದೊಡ್ಡವನು ಅಂದರು. ಆದರೆ ಕೆಲವು ದಿನಗಳಲ್ಲಿ ಹಿಮ್ಮಡಿಯ ಹಿಂದಿನ ಚರ್ಮ ಕಪ್ಪಾಗಿ, ಒಣಗಿದ ಎಲೆಯ ಹಾಗೆ ಎದ್ದು ಬಂತು. ಒಳಗೆ ಬಿಳಿ ಹುರಿಯಂಥದು ಕಾಣುತ್ತಿತ್ತು. ಅದರ ಪಕ್ಕದಲ್ಲಿ ಎಲುಬು. ಡಾಕ್ಟರು ಅವ್ವನಿಗೆ ಹೇಳಿದರು, "ಇದು ಇಲ್ಲಿ ಆಗಂಗಿಲ್ಲವಾ. ಕಲಬುರಗಿಗೆ ಒಯ್ಯಿ. ಪ್ಲಾಸ್ಟಿಕ್ ಸರ್ಜರಿ ಮಾಡೋರು ನೋಡಬೇಕು."

ಈ ಮಾತು ಓಣಿಯಲ್ಲಿ ಹಬ್ಬಿತು. ನಾವು ಹೊರಡುವ ಹೊತ್ತಿಗೆ ಎದುರು ಮನೆಯಾಕೆ ಬಾಗಿಲಲ್ಲಿ ನಿಂತು, "ಅಲ್ಲಬೇ, ಕಾಲಿಗಿ ಪ್ಲಾಸ್ಟಿಕ್ ಹಾಕಿದ್ರ ನಮ್ಮ ಬಿಸಲಾಗ ಕರಗಂಗಿಲ್ಲೇನು?" ಎಂದು ಕೇಳಿದಳು.

"ಕರಗಿದ್ರ ಮತ್ತ ಹಾಕಸ್ತೀನಿ" ಅಂದಳು ಅವ್ವ. "ನಿನ್ನ ಮನಿ ಪ್ಲಾಸ್ಟಿಕ್ ಕೊಡ ಕೇಳಾಕ ಬರಂಗಿಲ್ಲ, ಅಂಜಬ್ಯಾಡ."

ಕಲಬುರಗಿಯ ದವಾಖಾನೆಯಲ್ಲಿ ನನ್ನನ್ನು ನೋಡಿದವರು ಎತ್ತರದ ಹೆಣ್ಣು ಡಾಕ್ಟರು. ಬೆಂಗಳೂರು ಕಡೆಯ ಮಾತು. ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಅವ್ವನನ್ನು ಹತ್ತಿರ ಕರೆದರು.

"ನೋಡಿ ಅಮ್ಮ, ತೊಡೆಯ ತೆಳು ಚರ್ಮ ತೆಗೆದು ಇಲ್ಲಿ ಅಂಟಿಸಿದರೆ ನಿಲ್ಲೋದಿಲ್ಲ. ಕೆಳಗಡೆ ಬರೀ ಮೂಳೆ, ನರ ಇದೆ. ರಕ್ತ ಹರಿಯೋ ದಪ್ಪ ಚರ್ಮಾನೇ ಬೇಕು."

ಅವ್ವನಿಗೆ ಅರ್ಥವಾಗಲಿಲ್ಲ. ಡಾಕ್ಟರು ಅವಳ ಸೆರಗಿನ ತುದಿ ಹಿಡಿದು, ಎಳೆದು, ನನ್ನ ಕಾಲಿನ ಮೇಲೆ ಹೊದಿಸಿದರು.

"ಈಗ ಈ ಸೆರಗು ನಿಮ್ಮ ಸೀರೆಯದೇ. ಕತ್ತರಿಸಿಲ್ಲ. ಆದರೂ ಮಗೂನ ಮುಚ್ಚಿದೆ ಅಲ್ವಾ? ಹಾಗೇ ಇವಳ ಎಡಗಾಲಿನ ಮೀನಖಂಡದಿಂದ ಒಂದು ತುಂಡು ಚರ್ಮ ಬಿಡಿಸ್ತೀವಿ. ಮೂರು ಕಡೆ ಬಿಡಿಸಿ ಒಂದು ಕಡೆ ಹಾಗೇ ಇಡ್ತೀವಿ. ಅದನ್ನ ಬಲಗಾಲಿಗೆ ಹೊದಿಸಿ ಹೊಲೀತೀವಿ. ಎರಡೂ ಕಾಲು ಕೂಡಿಸಿ ಕಟ್ಟಿರ್ತೀವಿ. ಬಲಗಾಲು ಈ ಚರ್ಮಕ್ಕೆ ತನ್ನದೇ ರಕ್ತ ಕೊಡೋಕೆ ಶುರು ಮಾಡಿದ ಮೇಲೆ ಕತ್ತರಿಸಿ ಬಿಡಿಸ್ತೀವಿ. ಮೂರು ವಾರ ಬೇಕು."

"ಅಲ್ಲೀತನಾ ಛಲೋ ಕಾಲು ಕೆಟ್ಟ ಕಾಲಿಗಿ ಉಣಸ್ತದ ಅನ್ರಿ."

"ಹೂಂ. ಹಾಗೇ."

ಅವ್ವ ಸ್ವಲ್ಪ ಯೋಚನೆ ಮಾಡಿ, "ಕೂಸಿನ ಛಲೋ ಕಾಲು ಯಾಕ ಕೆಡಸ್ತೀರಿ? ನನ್ನ ಕಾಲಿಂದು ತಗೋರಿ" ಅಂದಳು.

"ಬೇರೆಯವರ ಚರ್ಮ ಅವಳ ಮೈ ಒಪ್ಪೋದಿಲ್ಲ ಅಮ್ಮ."

"ತಾಯಿದಾದ್ರೂ?"

"ತಾಯಿದಾದರೂ."

ಅವ್ವ ಸೆರಗು ಹಿಂದಕ್ಕೆಳೆದುಕೊಂಡಳು. ಆವತ್ತು ಸಂಜೆ ಬಹಳ ಹೊತ್ತು ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಅವಳಿಗೆ ಆ ಮಾತು ಎಷ್ಟು ಹತ್ತಿತ್ತು ಎಂದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. ಯಾರ ಜೊತೆಯಾದರೂ ಮಾತಾಡುವಾಗ ನಡುವೆ ಇದ್ದಕ್ಕಿದ್ದಂತೆ, "ತಾಯಿದೂ ಬರಂಗಿಲ್ಲಂತ್ರಿ" ಅನ್ನುತ್ತಿದ್ದಳು.

ಆಪರೇಷನ್ ಆದ ಮೇಲೆ ಎಚ್ಚರವಾದಾಗ ನನಗೆ ನನ್ನ ಕಾಲು ಸಿಗಲಿಲ್ಲ. ಎರಡೂ ಒಂದಾಗಿದ್ದವು. ಬಲಗಾಲಿನ ಹಿಮ್ಮಡಿ ಎಡಗಾಲಿನ ಮೀನಖಂಡಕ್ಕೆ ಅಂಟಿತ್ತು, ಮೇಲೆ ಪ್ಲಾಸ್ಟರ್ ಸುತ್ತಿದ್ದರು. ಚರ್ಮ ನೋಡಲು ಒಂದು ಕಿಂಡಿ ಮಾತ್ರ ಬಿಟ್ಟಿದ್ದರು. ಹೊರಳುವಂತಿಲ್ಲ, ಏಳುವಂತಿಲ್ಲ. ಪಕ್ಕದ ಮಂಚದಲ್ಲಿ ಗುರುಮಠಕಲ್ ಕಡೆಯ ಒಬ್ಬ ಮುದುಕಿ, ಕೈ ಸುಟ್ಟುಕೊಂಡ ಮೊಮ್ಮಗಳನ್ನು ಕರೆತಂದಿದ್ದಳು. ಅವಳು ನನ್ನನ್ನು ನೋಡಿ, "ಯಾ ಅಲ್ಲಾ, ನಿಮ್ ಹುಡುಗಿ ಮೀನ ಆಗ್ಯಾಳಲ್ರೀ! ನೀರಾಗ ಬಿಟ್ರ ಈಸಿ ಹೋಗ್ತಾಳ" ಅಂದಳು. ನಾನು ಅತ್ತೆ. ಅವಳು ತನ್ನ ಡಬ್ಬಿಯಿಂದ ಒಂದು ಖರ್ಜೂರ ತೆಗೆದು ನನ್ನ ಬಾಯಲ್ಲಿಟ್ಟಳು. ಅಲ್ಲಿಂದ ಮುಂದೆ ನನ್ನ ಹೆಸರು ಮೀನವ್ವ.

ನರ್ಸು ಅವ್ವನಿಗೆ ಒಂದೇ ಕೆಲಸ ಹೇಳಿದ್ದಳು. ಕಿಂಡಿಯಲ್ಲಿ ಕಾಣುವ ಚರ್ಮದ ಬಣ್ಣ ನೋಡುತ್ತಿರಬೇಕು. ಬೆಳ್ಳಗಾದರೂ ಕರೆಯಬೇಕು, ಬದನೆಕಾಯಿ ಬಣ್ಣಕ್ಕೆ ತಿರುಗಿದರೂ ಕರೆಯಬೇಕು. ಅವ್ವ ಬೇರೆ ಏನನ್ನೂ ನೋಡಲಿಲ್ಲ. ನನಗೆ ತುತ್ತು ಕೊಡುವಾಗಲೂ ಅವಳ ಕಣ್ಣು ಆ ಕಿಂಡಿಯ ಮೇಲೆ ಇರುತ್ತಿತ್ತು, ತುತ್ತು ಮೂಗಿಗೆ ತಾಗುತ್ತಿತ್ತು.

ಆಗ ಒಂದು ವಿಚಿತ್ರ ಇತ್ತು. ಕಿಂಡಿಯಲ್ಲಿ ಬೆರಳು ಹಾಕಿ ಬಲ ಹಿಮ್ಮಡಿಯ ಮೇಲಿನ ಚರ್ಮ ಮುಟ್ಟಿದರೆ ನನಗೆ ಎಡಗಾಲು ಮುಟ್ಟಿದ ಹಾಗೆ ಆಗುತ್ತಿತ್ತು. ಬಲಗಾಲಿನ ಮೇಲೆ ಇದ್ದರೂ ಚರ್ಮ ಇನ್ನೂ ತನ್ನ ಊರು ಮರೆತಿರಲಿಲ್ಲ. ಡ್ರೆಸ್ಸಿಂಗ್ ಮಾಡುವಾಗ ಡಾಕ್ಟರು ಅಲ್ಲಿ ಮುಟ್ಟಿ, ಇದು ಯಾವ ಕಾಲು ಎಂದು ಕೇಳುತ್ತಿದ್ದರು, ನಾನು ಕಣ್ಣು ಮುಚ್ಚಿ "ಎಡಗಾಲು!" ಅನ್ನುತ್ತಿದ್ದೆ. ಅವ್ವನಿಗೆ ನಗು. ಆ ವಾರ್ಡಿನಲ್ಲಿ ಅವಳು ನಕ್ಕದ್ದು ಇದಕ್ಕೊಂದಕ್ಕೆ.

ಆಪರೇಷನ್ನಿನ ಮಾರನೆಯ ದಿನ ಮಧ್ಯಾಹ್ನ ಚರ್ಮದ ಒಂದು ಅಂಚು ನೀಲಿಯಾಯಿತು. ಅವ್ವ ಕಿರುಚಿದ ದನಿಗೆ ವಾರ್ಡಿನ ಮಂದಿಯೆಲ್ಲ ಎದ್ದು ನಿಂತರು. ನರ್ಸು ಓಡಿ ಬಂದಳು, ಡಾಕ್ಟರು ಬಂದರು. ಪ್ಲಾಸ್ಟರ್ ಸ್ವಲ್ಪ ಕತ್ತರಿಸಿದರು, ಒಂದೆರಡು ಹೊಲಿಗೆ ಬಿಚ್ಚಿದರು, ನನ್ನ ಮೊಣಕಾಲಿನ ಕೆಳಗೆ ದಿಂಬು ಸರಿಸಿದರು. "ಕಾಲು ಜಾರಿ ಚರ್ಮ ಬುಡದಲ್ಲಿ ತಿರುಚಿದೆ. ನಾಳೆ ಬೆಳಗ್ಗೆವರೆಗೆ ನೋಡೋಣ. ಬಣ್ಣ ಬರದಿದ್ದರೆ ಈ ಚರ್ಮ ಉಳಿಯೋದಿಲ್ಲ" ಅಂದರು. ಉಳಿಯದಿದ್ದರೆ ಕಾಲಿನ ಗತಿ ಏನೆಂದು ಅವ್ವ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವ್ವ ಹೊರಗೆ ಹೋದಳು. ಬರುವಾಗ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ಬಂದಳು. ನನ್ನ ಮಂಚದ ಕಂಬಿ ಹಿಡಿದು ನಿಂತು, ಸುರಪುರದ ಆಚೆ ಹೊಳೆದಂಡೆಯ ತಿಂಥಣಿಯಲ್ಲಿರುವ ನಮ್ಮ ದೇವರಿಗೆ, ಪಕ್ಕದ ಮುದುಕಿಗೂ ಕೇಳುವ ಹಾಗೆ ಹೇಳಿದಳು: "ತಿಂಥಣಿ ಮೌನೇಶಪ್ಪಾ, ನನ್ನ ಚರ್ಮ ಬ್ಯಾಡಂದ್ರು. ನಿನಗ ಏನ ಕೊಡ್ಲಿ? ನನ್ನ ಮಗಳು ಸುರಪುರದಿಂದ ನಿನ್ನ ಗುಡಿತನಾ ಬರಿಗಾಲೀಲೆ ನಡಕೋತ ಬಂದು ಮೆಟ್ಟಲಾ ಮುಟ್ತಾಳ. ಅಲ್ಲೀತನಾ ನಾ ಚಪ್ಪಲಿ ಮೆಟ್ಟಂಗಿಲ್ಲ."

"ಆಮೀನ್" ಅಂದಳು ಮುದುಕಿ. "ನಮ್ಮವರೂ ನಡಕೋತಾರ ಆ ಮೌನಪ್ಪಗ. ಕೇಳ್ತಾನ."

ಬೆಳಗಾಗುವುದರಲ್ಲಿ ಬಣ್ಣ ಬಂತು. ಡಾಕ್ಟರು ಬೆರಳಿನಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಮೆಲ್ಲಗೆ ಕೆಂಪಾಯಿತು. ಅವ್ವ ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಬಾಗಿಲ ಹೊರಗಿನ ಚಪ್ಪಲಿ ಯಾರೋ ಒಯ್ದಿದ್ದರು.

ಮೂರು ವಾರಗಳ ಮೇಲೆ ಎಡಗಾಲಿನ ಕಡೆ ಚರ್ಮದ ಬುಡಕ್ಕೆ ರಬ್ಬರಿನ ಪಟ್ಟಿ ಬಿಗಿದು, ಬಣ್ಣ ಹೋಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕತ್ತರಿಸಿ ಕಾಲು ಬೇರೆ ಮಾಡಿದರು. ಮತ್ತೆ ಎರಡು ಕಾಲಾದಾಗ ನನಗೆ ಒಂಟಿಯಾದ ಹಾಗೆ ಅನಿಸಿತು. ಮಲಗಿದಲ್ಲೇ ಎಡಗಾಲನ್ನು ತಂದು ಬಲಗಾಲಿಗೆ ಒತ್ತಿಕೊಂಡು ಮಲಗುತ್ತಿದ್ದೆ. ಈಗಲೂ ಹಾಗೇ ಮಲಗುತ್ತೇನೆ.

ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದರು: "ಈ ಚರ್ಮಕ್ಕೆ ಇನ್ನು ಮೇಲೆ ಬಿಸಿ ಗೊತ್ತಾಗಲ್ಲ, ಮುಳ್ಳು ಗೊತ್ತಾಗಲ್ಲ. ಸಂವೇದನೆ ಬಂದರೂ ಸ್ವಲ್ಪವೇ. ದಿನಾ ಸಂಜೆ ಹಿಮ್ಮಡಿ ನೋಡಿ. ಬರಿಗಾಲಲ್ಲಿ ಮಾತ್ರ ನಡೆಸಬೇಡಿ. ಯಾವತ್ತೂ."

ಅವ್ವ ಅವರ ಮುಂದೆ ಬರಿಗಾಲಲ್ಲಿ ನಿಂತಿದ್ದಳು. ಹರಕೆಯ ಮಾತು ಹೇಳಲಿಲ್ಲ. "ಆತ್ರಿ" ಅಂದಳು.

ಅಲ್ಲಿಂದ ಅವಳು ಎರಡೂ ಮಾತು ಉಳಿಸಿಕೊಂಡಳು. ನನ್ನನ್ನು ಮನೆಯ ಹೊರಗೆ ಒಂದು ದಿನವೂ ಬರಿಗಾಲಲ್ಲಿ ನಡೆಸಲಿಲ್ಲ. ತಾನು ಒಂದು ದಿನವೂ ಚಪ್ಪಲಿ ಮೆಟ್ಟಲಿಲ್ಲ. ಗುಡಿಗೆ ಹೋಗಿ ಹರಕೆ ಬದಲಿಸಿಕೊಂಡು ಬಾ, ಕಾಯಿ ಒಡೆಸು, ಬೆಳ್ಳಿ ಪಾದ ಮಾಡಿಸಿ ಕೊಡು ಎಂದು ಓಣಿಯವರೂ ಮಾವನೂ ಎಷ್ಟೋ ಸಲ ಹೇಳಿದರು.

"ಬಣ್ಣ ಬರೋ ಮುಂದ ಅಂವಾ ಚೌಕಾಸಿ ಮಾಡಿದ್ನೇನು?" ಅನ್ನುತ್ತಿದ್ದಳು. "ನಾ ಯಾಕ ಮಾಡ್ಲಿ?"

ಮಾವ ಮಾತ್ರ ಸುಮ್ಮನಾಗುತ್ತಿರಲಿಲ್ಲ. ಪ್ರತಿ ಸಲ ಬಂದಾಗ ಅವಳ ಕಾಲು ನೋಡಿ ಮುಖ ತಿರುಗಿಸುತ್ತಿದ್ದ. "ಅಕ್ಕಾ, ನನಗ ಬೈದ್ಬಿಡು ಒಂದ್ಸಲ. ಹಿಂಗ ಬರಿಗಾಲೀಲೆ ನನ್ನ ಮುಂದ ಅಡ್ಡಾಡಬ್ಯಾಡ" ಎಂದ ಒಂದು ದಿನ.

"ನಿನಗ ಬೈದ್ರ ನನ್ನ ಕಾಲು ತಣ್ಣಗಾಗ್ತಾವೇನೋ ಹುಚ್ಚಾ? ಉಣ್ಣು, ರೊಟ್ಟಿ ಆರಾಕತ್ತಾವ."

ದವಾಖಾನೆಯಿಂದ ಬಂದ ವರ್ಷವೇ ಚಳಿಗಾಲದಲ್ಲಿ ನಾನು ಒಲೆಯ ಮುಂದೆ ಕಾಲು ಚಾಚಿ ಕೂತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಏನೋ ಸೀದ ವಾಸನೆ ಬಂತು. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ನೋಡಿದಳು. ರೊಟ್ಟಿ ಸೀದಿರಲಿಲ್ಲ. ಆಮೇಲೆ ನನ್ನ ಹಿಮ್ಮಡಿ ನೋಡಿದಳು. ನಾನು ಪುಸ್ತಕ ಓದುತ್ತಲೇ ಇದ್ದೆ. ಆ ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯಿತು.

ಅದಾದ ಮೇಲೆ ಅವಳು ನನಗೆ ಎಡಗಾಲು ಮುಂದಿಡುವುದನ್ನು ಕಲಿಸಿದಳು. ಹೊಸ್ತಿಲು, ಬಚ್ಚಲು, ಬಸ್ಸಿನ ಮೆಟ್ಟಿಲು, ಎಲ್ಲೇ ಆಗಲಿ ಮೊದಲು ಎಡಗಾಲು. "ಅದು ಸುದ್ದಿ ಹೇಳ್ತದ. ಈ ಕಾಲು ಮೂಕ." ಎಲ್ಲರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಲಗಾಲು ಮುಂದಿಡು ಎಂದು ಹೇಳಿ ಬೆಳೆಸುತ್ತಾರೆ. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರ ಮುಂದೆ ನಾನು ಚಹಾದ ತಾಟು ಹಿಡಿದು ಎಡಗಾಲಿಟ್ಟು ಹೊಸ್ತಿಲು ದಾಟಿದೆ. ಅವರಲ್ಲಿ ಒಬ್ಬ ಹಿರಿಯಳು ಅದನ್ನು ಕಂಡು ತುಟಿ ಬಿಗಿದಳು. ಕಾಲಿನ ಕಲೆ ಆಮೇಲೆ ಕಂಡಿತು. ಮತ್ತೆ ಅವರು ಬರಲಿಲ್ಲ. ಅವ್ವ ಅಂದಳು, "ಹೋಗ್ಲಿ ಬಿಡು. ಅವರ ಮನಿ ಹೊಸ್ತಲಾ ಎಷ್ಟ ಸುಡ್ತದೋ ಯಾರಿಗಿ ಗೊತ್ತು."

ರಸ್ತೆಯಲ್ಲಿ ಅವಳು ಯಾವಾಗಲೂ ನನಗಿಂತ ಒಂದೆರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಮದುವೆ ಮನೆಗಳಲ್ಲಿ, ಗುಡಿಗಳಲ್ಲಿ ನಾನೂ ಚಪ್ಪಲಿ ಬಿಡಲೇಬೇಕಾದ ಕಡೆ, ದಪ್ಪ ಕಾಲುಚೀಲ ಹಾಕಿಸಿ, ತಾನು ಮೊದಲು ಕಲ್ಲಿನ ಮೇಲೆ ನಿಂತು ನೋಡುತ್ತಿದ್ದಳು. "ತಣ್ಣಗದ, ಬಾ." ಅಥವಾ, "ಅಲ್ಲೇ ನಿಂದ್ರು." ಅವಳು ಹೇಳಿದ್ದು ಒಂದು ಸಲವೂ ತಪ್ಪಿರಲಿಲ್ಲ.

ಅವಳ ಕಾಲಿನ ಮಾತು ಹೇಳಬೇಕು. ಕಪ್ಪು ಮಣ್ಣಿನ ಕೆಸರು, ಜಾಲಿ ಮುಳ್ಳು, ಬೇಸಿಗೆಯ ಡಾಂಬರು, ಎಲ್ಲಕ್ಕಿಂತ ಕೆಟ್ಟದ್ದು ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ. ಕುಡುಗೋಲು ಓರೆಯಾಗಿ ಕೊಯ್ದಿರುತ್ತದೆ, ಮೊಳೆಯ ಹಾಗೆ ನಿಂತಿರುತ್ತವೆ. ಅದರಲ್ಲಿ ಅವಳು ಬರಿಗಾಲಲ್ಲಿ ಹಗಲಿಡೀ ನಡೆಯುತ್ತಿದ್ದಳು. ಬರಬರುತ್ತ ಬೆರಳುಗಳು ಅಗಲವಾಗಿ ಹರಡಿಕೊಂಡವು. ಹಿಮ್ಮಡಿ ಒಡೆದು, ಬಿರುಕಿನಲ್ಲಿ ಮಣ್ಣು ಕೂತು, ಬಿಸಿಲಿಗೆ ಬಿಟ್ಟ ಹೊಲದ ಹಾಗೆ ಆದವು.

ಸಂಜೆ ಕೈಕಾಲು ತೊಳೆದ ಮೇಲೆ ಅವಳು ನನ್ನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿ ನೋಡುತ್ತಿದ್ದಳು. ಅಲ್ಲಿ ಕೂತಿದ್ದ ಚರ್ಮ ಉಳಿದ ಕಾಲಿಗಿಂತ ದಪ್ಪ, ಬೇರೆ ಬಣ್ಣ, ಮೆತ್ತನೆಯ ಸಣ್ಣ ದಿಂಬಿನ ಹಾಗೆ. ಬೆರಳಾಡಿಸಿ, "ಏನೂ ಇಲ್ಲ" ಅನ್ನುತ್ತಿದ್ದಳು. ಆಮೇಲೆ ಅವಳ ಕಾಲು ನನ್ನ ತೊಡೆಯ ಮೇಲೆ. ನಾನು ಪಿನ್ನಿನಿಂದ ಮುಳ್ಳು ತೆಗೆಯುತ್ತಿದ್ದೆ, ಬಿರುಕಿಗೆ ಮೇಣ ಕಾಸಿ ಹಚ್ಚುತ್ತಿದ್ದೆ. ಎಷ್ಟೋ ಸಲ ನಾವು ಮಾತೇ ಆಡುತ್ತಿರಲಿಲ್ಲ. ಮನೆಯಲ್ಲಿ ಇಬ್ಬರೇ ಇದ್ದವರಿಗೆ ಅದೇ ಮಾತು.

ನನ್ನ ಕಾಲಿಗೆ ಚಪ್ಪಲಿ ಕೊಳ್ಳುವುದೂ ಒಂದು ಕತೆ. ಬಲಗಾಲು ದಪ್ಪ, ಎಡಗಾಲು ಸಣ್ಣ. ಎರಡು ನಂಬರಿನ ಎರಡು ಜೋಡಿ ಕೊಂಡು, ಒಂದರ ಬಲ, ಇನ್ನೊಂದರ ಎಡ ಮೆಟ್ಟಬೇಕು. ಉಳಿದ ಜೋಡಿ ಹಾಗೇ ಉಳಿಯುತ್ತದೆ. ಅವ್ವ ಅವನ್ನು ಬಿಸಾಡದೆ ಚೀಲದಲ್ಲಿ ಕಟ್ಟಿಡುತ್ತಿದ್ದಳು. "ಇವು ಯಾರ ಕಾಲಿಗಿ ಬರ್ತಾವ ಅವ್ವಾ?" ಎಂದು ಕೇಳಿದರೆ, "ಕನ್ನಡ್ಯಾಗಿನ ಹುಡುಗಿಗಿ. ಆಕಿಗೇನು ಕಾಲಿಲ್ಲೇನು?" ಅನ್ನುತ್ತಿದ್ದಳು.

ಅವಳು ಹೋದದ್ದು ಬೇಸಿಗೆಯ ಒಂದು ಬೆಳಿಗ್ಗೆ. ಎದೆ ಹಿಡಿದುಕೊಂಡಿತು ಅಂದಳು. ನೀರು ಕೊಟ್ಟೆ. ಕುಡಿಯಲಿಲ್ಲ. ಹೆಂಗಸರು ಬಂದು ಮೈ ತೊಳೆದರು. ಒಬ್ಬಾಕೆ ಒಂದು ದಾರ ತೆಗೆದುಕೊಂಡು ಅವ್ವನ ಎರಡೂ ಕಾಲಿನ ಹೆಬ್ಬೆರಳು ಕೂಡಿಸಿ ಕಟ್ಟಿದಳು. ಎಲ್ಲರಿಗೂ ಕಟ್ಟುತ್ತಾರೆ. ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆದರೆ ಆವತ್ತು ನನಗೆ ಕಲಬುರಗಿಯ ಮಂಚ ನೆನಪಾಯಿತು. ಅಲ್ಲಿ ನನ್ನ ಕಾಲು ಕಟ್ಟಿದಾಗ ಬಣ್ಣ ನೋಡುತ್ತ ಅವಳು ಕೂತಿದ್ದಳು. ಇಲ್ಲಿ ನಾನು ಕೂತಿದ್ದೆ. ಅವಳ ಅಂಗಾಲು ನೋಡಿದೆ, ಒತ್ತಿ ನೋಡಿದೆ. ಒತ್ತಿದ ಜಾಗಕ್ಕೆ ಬಣ್ಣ ಮರಳಲಿಲ್ಲ. ಆ ಹೆಂಗಸು ಮೆಲ್ಲಗೆ ನನ್ನ ಕೈ ತೆಗೆದಳು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕುಬುಸ ಹೊಲಿದೆ. ಸಂಜೆ ಆದಾಗ ಕಾಲು ತೊಳೆದು ಕೂರುತ್ತಿದ್ದೆ, ಆಮೇಲೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಹಿಮ್ಮಡಿಯ ಹಿಂಭಾಗ ನನಗೆ ಸರಿಯಾಗಿ ಕಾಣುವುದಿಲ್ಲ. ಕನ್ನಡಿಯನ್ನು ನೆಲದ ಮೇಲಿಟ್ಟು, ಮೊಣಕಾಲು ಮಡಚಿ, ಹೊರಳಿ ನೋಡಬೇಕು. "ಏನೂ ಇಲ್ಲ" ಎಂದು ನನಗೆ ನಾನೇ ಅಂದುಕೊಳ್ಳುತ್ತಿದ್ದೆ. ಖಾಲಿ ಮನೆಯಲ್ಲಿ ಆ ಮಾತು ಬೇರೆಯೇ ಕೇಳುತ್ತಿತ್ತು. ಒಂದೆರಡು ಸಲ ನೋಡುವುದನ್ನು ಬಿಟ್ಟೆ. ಚಪ್ಪಲಿಯ ಪಟ್ಟಿ ಉಜ್ಜಿ ಹುಣ್ಣಾಗಿತ್ತು, ಕಾಲುಚೀಲಕ್ಕೆ ರಕ್ತ ಹತ್ತಿದಾಗ ಗೊತ್ತಾಯಿತು.

ಚಳಿಗಾಲ ಬಂತು. ವರ್ಷದ ದಿವಸ ಹತ್ತಿರ ಬರುತ್ತಿತ್ತು. ಆಗಲಾದರೂ ಅವ್ವನಿಗೆ ಚಪ್ಪಲಿ ಮುಟ್ಟಬೇಕು. ನಾನು ಮಾವನಿಗೆ ಫೋನ್ ಮಾಡಿ, "ಹುಣ್ಣು ಮಾಯ್ದದ. ಸುರಪುರದಿಂದ ತಿಂಥಣಿಗಿ ನಡೀತೀನಿ" ಅಂದೆ.

"ನಿಮ್ಮವ್ವ ಇದ್ದಿದ್ರ ನಿನ್ನ ಕಾಲು ಮುರೀತಿದ್ಳು" ಅಂದ ಮಾವ. ಆಮೇಲೆ, "ಬಾ. ನೋಡೂಣು" ಅಂದ.

ಬೆಳಗಿನ ಬಸ್ಸಿಗೆ ಸುರಪುರಕ್ಕೆ ಹೋದೆ. ನಿಲ್ದಾಣದಲ್ಲಿ ಚಪ್ಪಲಿ ಬಿಚ್ಚಲು ಬಗ್ಗಿದೆ. ಮಾವ ನನ್ನ ಭುಜ ಹಿಡಿದು ಎಬ್ಬಿಸಿದ.

"ಇಲ್ಲಿ ಬ್ಯಾಡ. ಅಕ್ಕ ಇಷ್ಟು ವರ್ಷ ಬರಿಗಾಲೀಲೆ ನಡದದ್ದು ಸುರಪುರದಿಂದ ತಿಂಥಣಿಗಿ ಎಷ್ಟ ಸಲ ಹೋಗಿ ಬಂದಂಗಾತು? ಆ ದಾರಿ ಆಕಿ ನಡದಾಳ. ಡಾಕ್ಟರು ಹೇಳಿದ್ದು ಆಕಿ ಸಾಯೂತನಾ ನಡಸ್ಯಾಳ, ನೀ ಒಂದ ದಿನದಾಗ ಮುರೀಬ್ಯಾಡ. ತಿಂಥಣ್ಯಾಗ ಬಸ್ಸು ಇಳದ ಮ್ಯಾಲ ಗುಡಿತನಾ ನಡಿ, ಸಾಕು."

"ಮಾತು ಹಂಗ ಇರಲಿಲ್ಲ ಮಾವ."

"ಮಾತು ಹಂಗ ಇರಲಿಲ್ಲ. ಕಾಲೂ ಹಿಂಗ ಇರಲಿಲ್ಲ, ನಾ ಬೈಕಿನ ಮ್ಯಾಲ ಕುಂಡ್ರಸೂ ಮುಂಚೆ."

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವನು ನನ್ನ ಮುಂದೆ ಆಡಿದ್ದು ಅದೇ ಮೊದಲು. ನಾನು ಬಸ್ಸು ಹತ್ತಿದೆ.

ತಿಂಥಣಿಯಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ. ನಾನು ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿದೆ. ಕಾಲುಚೀಲವನ್ನೂ ತೆಗೆದೆ. ನೋಡಿದರೆ ಮಾವನೂ ತನ್ನ ಚಪ್ಪಲಿ ಬಿಚ್ಚುತ್ತಿದ್ದ.

"ನಿಂದೇನು ಹರಕಿ ಮಾವ?"

"ಹರಕಿ ಇಲ್ಲ ಏನಿಲ್ಲ. ನೀ ಹಿಂದ ಬಾ. ನಾ ಮುಂದ ನಡೀತೀನಿ."

ಅವನು ಮುಂದೆ ನಡೆದ. ಅವ್ವನಷ್ಟು ಜಾಣತನ ಅವನಿಗೆ ಇರಲಿಲ್ಲ. ಸಣ್ಣ ಕಲ್ಲು ಚುಚ್ಚಿದರೂ "ಅಯ್ಯಯ್ಯ" ಅನ್ನುತ್ತಿದ್ದ, ಕುಂಟುತ್ತಿದ್ದ. "ಇಲ್ಲಿ ಹರಳದಾವ, ಈ ಕಡಿ ಬಾ." "ಇಲ್ಲಿ ಹಸಿ ಅದ." "ಇಲ್ಲಿ ಏನಿಲ್ಲ." ಎದುರಿಗೆ ಬಂದ ಒಬ್ಬ ಮುದುಕ ನಿಂತು, "ಏನೋ ತಮ್ಮಾ, ತತ್ತಿ ಮ್ಯಾಲ ನಡ್ಯಾಕತ್ತೀಯೇನು?" ಎಂದು ನಕ್ಕು ಹೋದ. ಎಡಗಾಲಿಗೆ ಮಣ್ಣಿನ ತಂಪು ತಿಳಿಯುತ್ತಿತ್ತು. ಬಲಗಾಲಿನ ಬೆರಳುಗಳಿಗೂ ತಿಳಿಯುತ್ತಿತ್ತು. ಹಿಮ್ಮಡಿ ಮಾತ್ರ ಮೂಕ. ಯಾರದೋ ಕಾಲನ್ನು ಎತ್ತಿಕೊಂಡು ಬಂದ ಹಾಗೆ.

ಗುಡಿಯ ಮೆಟ್ಟಿಲಿಗೆ ಎಡಗಾಲಿಟ್ಟೆ. ಆಮೇಲೆ ಬಲಗಾಲು. ಕೂತು ಎರಡೂ ಕೈಯಿಂದ ಮೆಟ್ಟಿಲು ಮುಟ್ಟಿದೆ. ಹರಕೆ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಲು ಅವ್ವ ಇರಲಿಲ್ಲ. ಮಾವ ಪಕ್ಕದಲ್ಲಿ ಕೂತು ಅಂಗಾಲಿನಿಂದ ಒಂದು ಮುಳ್ಳು ಕೀಳುತ್ತಿದ್ದ, ಕಣ್ಣಿಗೆ ಕಾಣದೆ ಒದ್ದಾಡುತ್ತಿದ್ದ. ಅವನ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ನಾನು ತೆಗೆದೆ. ಆಮೇಲೆ ಅವನು ಏನೂ ಕೇಳದೆ ನನ್ನ ಹಿಮ್ಮಡಿ ತಿರುಗಿಸಿ ನೋಡಿದ. ಅಷ್ಟು ವರ್ಷ ಅವನು ಅದನ್ನು ನೋಡಿರಲಿಲ್ಲ.

"ಏನೂ ಇಲ್ಲ" ಅಂದ.

ವರ್ಷದ ದಿವಸಕ್ಕೆ ನಾನೇ ಚಪ್ಪಲಿ ತರಲು ಹೋದೆ. ಅಂಗಡಿಯವನಿಗೆ ನನ್ನ ಗುರುತಿದೆ. "ಬರ್ರಿ, ಎರಡ ಜೋಡಿ ಗಿರಾಕಿ" ಅಂದ. ಇವತ್ತು ಒಂದೇ ಜೋಡಿ, ಅವ್ವನಿಗೆ ಅಂದೆ. ಅವನು ನಗು ನಿಲ್ಲಿಸಿ, "ನಂಬರ್?" ಅಂದ. ಗೊತ್ತಿಲ್ಲ ಅಂದೆ. ಹೆಂಗಸರ ಚಪ್ಪಲಿ ಒಂದೊಂದಾಗಿ ತೆಗೆದು ಮುಂದಿಟ್ಟ. ನಾನು ಬೆಂಚಿನ ಮೇಲೆ ಕೂತು ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯ ಕಡೆ ಅಂಗೈ ಕೊಟ್ಟು, ಬೆರಳಿನ ಕಡೆ ಇನ್ನೊಂದು ಕೈ ಇಟ್ಟು ಹಿಡಿದೆ. ಸಂಜೆ ಸಂಜೆ ಹಿಡಿದ ಕಾಲು. ಇದು ಗಿಡ್ಡ. ಇದು ಇಕ್ಕಟ್ಟು, ಅವಳ ಕಿರುಬೆರಳು ಹೊರಗೆ ಬರುತ್ತದೆ. ಕಡೆಗೆ ಅವನು ಗಂಡಸರ ಕಡೆಯಿಂದ ಒಂದು ಅಗಲವಾದ ಜೋಡಿ ತಂದ. ಹಿಡಿದೆ. ಕೈ ಇದ್ದಲ್ಲೇ ಇತ್ತು.

"ಇದ" ಅಂದೆ.

ಎದುರು ಮನೆಯಾಕೆಗೇ ಕೊಟ್ಟೆವು. ಪ್ಲಾಸ್ಟಿಕ್ ಕರಗುತ್ತದೆ ಅಂದಿದ್ದಳಲ್ಲ, ಅವಳಿಗೆ. ಈಗ ಮುದುಕಿಯಾಗಿದ್ದಾಳೆ. ಊಟ ಮುಗಿಸಿ, ಚಪ್ಪಲಿ ಮೆಟ್ಟಿ, ನಮ್ಮ ಕಟ್ಟೆ ಇಳಿದಳು. "ಸಡ್ಲ ಆಗ್ತಾವಬೇ. ನಿಮ್ಮವ್ವನ ಕಾಲು ಏನು ಇಷ್ಟ ದೊಡ್ಡವಿದ್ದು? ಇರಲಿ, ಬಿಸಲಿಗಿ ಛಲೋ ಅದಾವ." ಓಣಿಯಲ್ಲಿ ಪಟ್ ಪಟ್ ಅನ್ನುತ್ತ ಹೋದಳು. ಅವ್ವನ ಹೆಜ್ಜೆಗೆ ಸದ್ದೇ ಇರುತ್ತಿರಲಿಲ್ಲ.

ಮಾವ ಸುರಪುರದ ಬಸ್ಸಿಗೆ ಹೋದ. ಎಲ್ಲರೂ ಹೋದರು. ನಡು ಮಧ್ಯಾಹ್ನ. ಅಂಗಳದ ಕಲ್ಲಿನ ಮೇಲೆ ಎಂಜಲು ತಾಟುಗಳಿದ್ದವು, ತೆಗೆಯಬೇಕಿತ್ತು. ಚಪ್ಪಲಿ ಎಲ್ಲಿ ಬಿಟ್ಟಿದ್ದೆನೋ ಸಿಗಲಿಲ್ಲ. ಹೊಸ್ತಿಲಲ್ಲಿ ನಿಂತೆ. ಮುಂದೆ ಯಾರೂ ಇರಲಿಲ್ಲ. ಎಡಗಾಲು ಹೊರಗಿಟ್ಟು ನೋಡಿದೆ. ಸುಡುತ್ತಿತ್ತು. ಒಳಗೆ ತೆಗೆದುಕೊಂಡು, ಚಪ್ಪಲಿ ಹುಡುಕಲು ಹೋದೆ.